ಮೊದಲ ಪ್ರಜೆಯೂ 131ರ ಲೆಕ್ಕವೂ

ವಿಮರ್ಶೆ ಅಂದರೆ ಒಂದು ಪುಸ್ತಕ ಮುಂದಿಟ್ಟುಕೊಂಡು ಅದರ ಪ್ರತಿಮೆ, ಲಯ, ಧ್ವನಿ ಹುಡುಕುತ್ತ ಕೂರುವುದು ಎಂಬ ನಂಬಿಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಜನ ಆಡುವ ಮಾತಿಗೂ ವಿಮರ್ಶೆ ಬೇಕು ಎನ್ನುವವರು ನಾವು. ಆ ಮಾತಿನಲ್ಲಿ ಜನರ ಬದುಕೂ ಇರುತ್ತದೆ, ಅವರ ತಲೆ ಮೇಲೆ ಕೂತವರು ಕಲಿಸಿಕೊಟ್ಟ ಸುಳ್ಳೂ ಇರುತ್ತದೆ. ಎರಡನ್ನೂ ಕೇರಿ ಬೇರೆ ಮಾಡದೆ ಹೋದರೆ ಸುಳ್ಳನ್ನೇ ಜನಪದ ಅಂತ ಹಾಡಿ ಹೊಗಳುವ ಗತಿ ಬರುತ್ತದೆ.

2022ರ ಜುಲೈ 21ರಂದು ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಯಾಗಿ ಗೆದ್ದ ಸುದ್ದಿ ಬಂತು. ಆದಿವಾಸಿ ಸಮುದಾಯದಿಂದ ಆ ಕುರ್ಚಿಗೆ ಹೋದ ಮೊದಲಿಗರು ಅವರು. ಅಂದಿನಿಂದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹೋಟೆಲು, ಸಂತೆ, ಬಸ್‌ಸ್ಟ್ಯಾಂಡುಗಳಲ್ಲಿ ಮೂರು ಬಗೆಯ ಮಾತು ಓಡಾಡಿಕೊಂಡಿವೆ. ಒಂದು, 'ನಮ್ಮೋರು ಮ್ಯಾಲೆ ಕೂತ್ರು.' ಎರಡು, 'ಯಾರ್ ಕೂತ್ರೇನಪ್ಪ, ರಾಗಿ ಬೀಸೋದು ತಪ್ಪುತ್ತಾ?' ಮೂರು, 'ಇರ್ಲಿ ಬಿಡು, ಮುಂದ್ಲ ಸಲ ನಮ್ ಸೀಮೆಯೋರೇ ಯಾರಾದ್ರೂ ಆದಾರು.' ಈ ಮೂರು ಮಾತುಗಳೇ ನಮ್ಮ ಮುಂದಿರುವ ಕೃತಿ.

1

ಮೊದಲ ಮಾತನ್ನು ನಗೆಯಾಡುವವರು ಇದ್ದಾರೆ. ಓದಿದವರಲ್ಲೇ ಹೆಚ್ಚು. 'ಒಡಿಶಾದ ಸಂತಾಲರಿಗೂ ಚಿತ್ರದುರ್ಗದ ಮ್ಯಾಸಬೇಡರಿಗೂ ಎಲ್ಲಿಯ ನಂಟು?' ಎಂದು ಕೇಳುತ್ತಾರೆ. ಸ್ವಾಮಿ, ರಾಜೇಂದ್ರ ಪ್ರಸಾದರಿಗೂ ಮೈಲಾಪುರದ ಅಗ್ರಹಾರಕ್ಕೂ ಯಾವ ನಂಟಿತ್ತು? ಆಗ ಯಾರೂ ಕೇಳಲಿಲ್ಲ. ಮೇಲುಜಾತಿಯವನು ಗೆದ್ದರೆ ಅವನು ದೇಶದವನು, ಕೆಳಗಿನವನು ಗೆದ್ದರೆ ಅವನು ಜಾತಿಯವನು. ಈ ಭಾಷೆಯನ್ನು ಮೊದಲು ಕಿತ್ತೊಗೆಯಬೇಕು.

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡದ ಮೀಸಲು ವಿಧಾನಸಭಾ ಕ್ಷೇತ್ರಗಳು. ಇವೆರಡನ್ನೂ ಒಳಗೊಂಡ ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ದೇವರೆತ್ತು ಕಟ್ಟಿಕೊಂಡು ಬಾಳಿದ ಮ್ಯಾಸಬೇಡರು, ಹಟ್ಟಿ ಕಟ್ಟಿಕೊಂಡು ಕುರಿ ಕಾದ ಕಾಡುಗೊಲ್ಲರು, ಸತ್ತ ದನ ಹೊತ್ತು ಹದ ಮಾಡಿ ಊರಿಗೆಲ್ಲ ಮೆಟ್ಟು ಹೊಲಿದ ಮಾದಿಗರು, ಹೊಲೆಯರು, ಕಂಬಳಿ ನೇಯುವವರು, ಮೊಳಕಾಲ್ಮೂರು ಸೀರೆಗೆ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತವರು, ಇವರು ಈ ಸೀಮೆಯ ಮತದಾರರು. ಮಳೆ ಇಲ್ಲ. ಶೇಂಗಾ ಕೈ ಹಿಡಿದ ವರ್ಷ ಚಳ್ಳಕೆರೆಯ ಎಣ್ಣೆ ಗಿರಣಿಗಳು ತಿರುಗಿದವು, ಕೈ ಕೊಟ್ಟ ವರ್ಷ ಗುಳೆ. ಇಂಥ ಕಡೆ ಒಬ್ಬ ಆದಿವಾಸಿ ಹೆಣ್ಣುಮಗಳು ರಾಷ್ಟ್ರಪತಿ ಭವನದ ಮೆಟ್ಟಿಲು ಹತ್ತುವುದನ್ನು ಟೀವಿಯಲ್ಲಿ ನೋಡಿದ ಅವ್ವಂದಿರಿಗೆ ಎದೆ ಉಬ್ಬಿದ್ದರೆ ಅದು ಸುಳ್ಳಲ್ಲ. ಸಾವಿರ ವರ್ಷ ಬಗ್ಗಿದ ಬೆನ್ನು ಒಂದು ಗಳಿಗೆ ನೆಟ್ಟಗಾದದ್ದು ಅದು. ಈ ಹೆಮ್ಮೆಗೆ ಕೈ ಹಾಕುವ ಹಕ್ಕು ಯಾವ ಬುದ್ಧಿಜೀವಿಗೂ ಇಲ್ಲ.

ಆದರೆ ಈ ಹೆಮ್ಮೆಯನ್ನು ಬಂಡವಾಳ ಮಾಡಿಕೊಳ್ಳುವವರ ಕೈ ಹಿಡಿದು ಕೇಳುವ ಹಕ್ಕು ನಮಗಿದೆ. ಮುರ್ಮು ಅವರ ಹುಟ್ಟೂರು ಮಯೂರ್‌ಭಂಜ್ ಜಿಲ್ಲೆಯ ಉಪರ್‌ಬೇಡ. ಆ ಊರಿನ ಡುಂಗುರಿಶಾಹಿ ಎಂಬ ಕೇರಿಗೆ 2022ರ ಜೂನ್‌ವರೆಗೆ ಕರೆಂಟು ಇರಲಿಲ್ಲ. ಅವರನ್ನು ಅಭ್ಯರ್ಥಿ ಅಂತ ಸಾರಿದ ಮೇಲೆ ಕಂಬ ಬಂತು, ತಂತಿ ಬಂತು. ಸ್ವಾತಂತ್ರ್ಯ ಬಂದು 75 ವರ್ಷವಾಗಿತ್ತು. ಒಂದು ಕೇರಿಗೆ ದೀಪ ಬರಬೇಕಾದರೆ ಅಲ್ಲಿಂದ ಒಬ್ಬರು ರಾಷ್ಟ್ರಪತಿ ಆಗಬೇಕು ಎನ್ನುವುದಾದರೆ ನಮ್ಮ ಸೀಮೆಯ ಹಟ್ಟಿಗಳೂ ಕೇರಿಗಳೂ ಎಷ್ಟು ರಾಷ್ಟ್ರಪತಿಗಳನ್ನು ಹೆರಬೇಕು?

2

ಎರಡನೆಯ ಮಾತು, 'ಯಾರ್ ಕೂತ್ರೇನು' ಎಂಬುದು. ಇದನ್ನು ಹೇಳುವವನು ಸಿನಿಕ ಅಂತ ಬಗೆಯಬೇಡಿ. ಅವನು ಲೆಕ್ಕ ಬಲ್ಲವನು. ಶಾಸಕನಿಗೆ ಓಟು ಹಾಕಿದ್ದಾನೆ, ಸಂಸದನಿಗೆ ಹಾಕಿದ್ದಾನೆ, ಗ್ರಾಮ ಪಂಚಾಯ್ತಿಗೆ ಹಾಕಿದ್ದಾನೆ. ರಾಷ್ಟ್ರಪತಿಗೆ ಮಾತ್ರ ಅವನ ಬೆರಳಿಗೆ ಶಾಯಿ ಹಚ್ಚಿದವರಿಲ್ಲ.

ಲೆಕ್ಕ ಹೀಗಿದೆ. ಶಾಸಕರೂ ಸಂಸದರೂ ಸೇರಿ ರಾಷ್ಟ್ರಪತಿಯನ್ನು ಆರಿಸುತ್ತಾರೆ. ಒಂದು ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತದ ಬೆಲೆ. ಕರ್ನಾಟಕಕ್ಕೆ ಅದು 131. ಉತ್ತರ ಪ್ರದೇಶಕ್ಕೆ 208, ಸಿಕ್ಕಿಂಗೆ 7. ನಮ್ಮ 224 ಶಾಸಕರೂ ಸೇರಿದರೆ 29,344. 2022ರಲ್ಲಿ ಒಬ್ಬ ಸಂಸದನ ಮತಕ್ಕೆ 700 ಬೆಲೆ ಕಟ್ಟಿದ್ದರು. ಇದಕ್ಕೆ ಹಿಡಿದ ಜನಸಂಖ್ಯೆ ಯಾವುದು ಗೊತ್ತೆ? 1971ರ ಜನಗಣತಿಯದು. ಕರ್ನಾಟಕಕ್ಕೆ 2,92,99,014 ಜನ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯಿಂದ ಆ ಅಂಕಿಯನ್ನು ಮೊಳೆ ಹೊಡೆದು ನಿಲ್ಲಿಸಿದರು. 2001ರಲ್ಲಿ ಇನ್ನೊಂದು ತಿದ್ದುಪಡಿ ಮಾಡಿ, 2026 ಕಳೆದ ಮೇಲೆ ನಡೆಯುವ ಮೊದಲ ಜನಗಣತಿಯ ತನಕ ಎಂದು ಮುಂದಕ್ಕೆ ಎಳೆದರು. ಅಂದರೆ 2022ರಲ್ಲಿ ಚಳ್ಳಕೆರೆಯ ಹೆಸರಿನಲ್ಲಿ ಬಿದ್ದ ಆ 131ರಲ್ಲಿ 1971ರ ಬಳಿಕ ಹುಟ್ಟಿದ ಒಂದು ಜೀವವೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿದ್ದವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ಮಣ್ಣಾಗಿದ್ದರು. ಸತ್ತವರ ಹೆಸರಲ್ಲಿ ಓಟು ಹಾಕುವುದು ಊರಿನಲ್ಲಿ ನಡೆದರೆ ಅದಕ್ಕೆ ಅಕ್ರಮ ಎನ್ನುತ್ತಾರೆ!

ಇನ್ನೊಂದು ನೋಡಿ. 2022ರಲ್ಲಿ ಮೊಳಕಾಲ್ಮೂರಿನ ಶಾಸಕರು ಬಿಜೆಪಿಯ ಬಿ. ಶ್ರೀರಾಮುಲು, ಚಳ್ಳಕೆರೆಯ ಶಾಸಕರು ಕಾಂಗ್ರೆಸ್ಸಿನ ಟಿ. ರಘುಮೂರ್ತಿ. ಒಬ್ಬರ ಪಕ್ಷ ಮುರ್ಮು ಕಡೆ, ಇನ್ನೊಬ್ಬರ ಪಕ್ಷ ಯಶವಂತ ಸಿನ್ಹಾ ಕಡೆ. ಮತ ಗುಟ್ಟಿನದು, ಯಾರು ಎಲ್ಲಿ ಒತ್ತಿದರು ಅಂತ ಹೇಳುವುದು ನಮ್ಮ ಕೆಲಸವಲ್ಲ. ಆದರೆ ಒಂದೇ ಬೇಲಿ ಹಂಚಿಕೊಂಡ ಎರಡು ತಾಲ್ಲೂಕು, ಒಂದೇ ಮಳೆಗೆ ಕಾಯುವ ಜನ, ಅವರ ಹೆಸರಿನ ಎರಡು 131ಗಳನ್ನು ಎದುರುಬದುರು ನಿಲ್ಲಿಸಿದ್ದು ಪಕ್ಷಗಳ ತೀರ್ಮಾನ. 'ನಿಮಗ್ಯಾರು ಬೇಕು' ಅಂತ ಎರಡೂ ಕಡೆಯ ಒಂದು ಹಟ್ಟಿಯಲ್ಲಾದರೂ ಯಾರಾದರೂ ಕೇಳಿದರೆ? ಕೊನೆಗೆ ಮುರ್ಮು ಅವರಿಗೆ 6,76,803, ಸಿನ್ಹಾ ಅವರಿಗೆ 3,80,177. ಅಂಕಿ ದೊಡ್ಡದು. ಅದರೊಳಗೆ ನಮ್ಮವರ ಬಾಯಿಲ್ಲ.

ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅವರು ಜನರೇ ನೇರವಾಗಿ ರಾಷ್ಟ್ರಪತಿಯನ್ನು ಆರಿಸಲಿ ಎಂದು ವಾದಿಸಿದ್ದರು. ಬಾಬಾಸಾಹೇಬರು ಒಪ್ಪಲಿಲ್ಲ. ಅವರ ವಾದ ನೇರವಾಗಿತ್ತು. ನಮ್ಮ ರಾಷ್ಟ್ರಪತಿ ಇಂಗ್ಲೆಂಡಿನ ರಾಜನ ಹಾಗೆ ರಾಷ್ಟ್ರವನ್ನು ಪ್ರತಿನಿಧಿಸುವವರು, ಆಳುವವರಲ್ಲ. ಆಳದ ಕುರ್ಚಿಗೆ ದೇಶದ ಜನರನ್ನೆಲ್ಲ ಸಾಲು ನಿಲ್ಲಿಸುವುದು ಯಾಕೆ? ಈ ವಾದವನ್ನು ನಾವು ಒಪ್ಪುತ್ತೇವೆ. ಒಪ್ಪಿದ ಮೇಲೆ ಇದನ್ನೂ ಒಪ್ಪಬೇಕು: ಆ ಕುರ್ಚಿಯನ್ನು ತೋರಿಸಿ 'ನಿಮಗೆ ಅಧಿಕಾರ ಕೊಟ್ಟೆವು' ಎನ್ನುವವನು ಅಂಬೇಡ್ಕರರ ಹೆಸರಿನಲ್ಲೇ ನಮಗೆ ಟೋಪಿ ಹಾಕುತ್ತಿದ್ದಾನೆ.

3

ಕೆಳಜಾತಿಯವರ ಹೆಸರನ್ನು ಈ ಆಟದಲ್ಲಿ ದಾಳವಾಗಿ ಎಸೆಯುವುದು ಇಂದು ನೆನ್ನೆಯದಲ್ಲ. ಅದರ ಒಂದು ದೊಡ್ಡ ಕಥೆ ಬೆಂಗಳೂರಿನಲ್ಲೇ ನಡೆಯಿತು, ನಮ್ಮ ಜಿಲ್ಲೆಯ ಹಿರಿಯರೊಬ್ಬರ ಅಧ್ಯಕ್ಷತೆಯಲ್ಲಿ. 1969ರ ಜುಲೈ. ಕಾಂಗ್ರೆಸ್ಸಿನ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿ ಬೆಳೆದವರು, ಹಿಂದೊಮ್ಮೆ ಮೊಳಕಾಲ್ಮೂರಿನ ಶಾಸಕರಾಗಿದ್ದವರು. ರಾಷ್ಟ್ರಪತಿ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರು ಎಂಬ ಚರ್ಚೆಯಲ್ಲಿ ಇಂದಿರಾ ಗಾಂಧಿ ಬಾಬು ಜಗಜೀವನರಾಂ ಅವರ ಹೆಸರು ತಂದರು. ಗಾಂಧಿ ಹುಟ್ಟಿ ನೂರು ತುಂಬುತ್ತಿದ್ದ ವರ್ಷ. ಪಕ್ಷದ ಮಂಡಳಿಯ ಬಹುಮತ ಆ ಹೆಸರನ್ನು ತಳ್ಳಿ ನೀಲಂ ಸಂಜೀವ ರೆಡ್ಡಿ ಅವರನ್ನು ಆರಿಸಿತು.

ಮುಂದೆ ಆದದ್ದು ಎಲ್ಲರಿಗೂ ಗೊತ್ತು. ಇಂದಿರಾ ಆತ್ಮಸಾಕ್ಷಿಯ ಮತ ಅಂದರು, ಅವರ ಬಣ ಸ್ವತಂತ್ರವಾಗಿ ನಿಂತ ವಿ.ವಿ. ಗಿರಿ ಅವರ ಬೆನ್ನಿಗೆ ನಿಂತಿತು. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬಾರದೆ ಎರಡನೇ ಪ್ರಾಶಸ್ತ್ಯದ ಮತ ಎಣಿಸಿ ಗಿರಿ 4,20,077 ಪಡೆದು ಗೆದ್ದರು, ರೆಡ್ಡಿ 4,05,427ಕ್ಕೆ ನಿಂತರು. ಅದೇ ನವೆಂಬರಿನಲ್ಲಿ ನಿಜಲಿಂಗಪ್ಪನವರ ಕಾಂಗ್ರೆಸ್ಸು ಇಂದಿರಾರನ್ನು ಹೊರಹಾಕಿತು, ಪಕ್ಷ ಎರಡಾಯಿತು. ಸಂಜೀವ ರೆಡ್ಡಿ ಅವರೂ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಗಿರಿ ಆದರು, ರೆಡ್ಡಿ ಆದರು. ಚರ್ಚೆಯಲ್ಲಿ ಹೆಸರು ಬಂದಿದ್ದ ಜಗಜೀವನರಾಂ ಆಗಲಿಲ್ಲ. ಅವರ ಹೆಸರು ತಂದವರಿಗೆ ಗೆಲ್ಲಬೇಕಿದ್ದುದು ಎದುರು ಬಣದ ಮೇಲೆ. ತಳ್ಳಿದವರಿಗೆ ತಳ್ಳಬೇಕಿದ್ದುದು ಇಂದಿರಾರನ್ನು. ನಡುವೆ ಸಿಕ್ಕ ಹೆಸರು ದಲಿತನದು. ಈ ಚುನಾವಣೆಯ ಬಗ್ಗೆ ಬಂದ ಬರಹಗಳಲ್ಲಿ ಸಿಂಡಿಕೇಟಿನ ಕಥೆ ಪುಟಗಟ್ಟಲೆ ಸಿಗುತ್ತದೆ, ಆ ಹೆಸರಿನ ಕಥೆಗೆ ಒಂದು ಸಾಲು.

ಹಾಗಾದರೆ 1997ರಲ್ಲಿ ಕೆ.ಆರ್. ನಾರಾಯಣನ್ ಹೇಗೆ ಆದರು? 2017ರಲ್ಲಿ ಎರಡೂ ಕಡೆ ದಲಿತರೇ, ರಾಮನಾಥ ಕೋವಿಂದ್ ಮತ್ತು ಜಗಜೀವನರಾಂ ಅವರ ಮಗಳು ಮೀರಾ ಕುಮಾರ್, ನಿಂತದ್ದು ಹೇಗೆ? ದೊಡ್ಡವರ ಮನಸ್ಸು ಕರಗಿತು ಎನ್ನುವವರು ಎನ್ನಲಿ. ನಾವು ಹಿಂದಿನ ವರ್ಷವನ್ನು ನೋಡುತ್ತೇವೆ. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಸತ್ತರು. ಜುಲೈಯಲ್ಲಿ ಊನಾದಲ್ಲಿ ಸತ್ತ ದನದ ಚರ್ಮ ಸುಲಿದ ಹುಡುಗರನ್ನು ಕಟ್ಟಿ ಬಡಿದರು. ದೇಶದ ಕೇರಿಗಳೆಲ್ಲ ಬೀದಿಗೆ ಬಂದವು. ಆ ಬೀದಿಯ ಸದ್ದು ಕೇಳಿದ ಮೇಲೆ ಎರಡೂ ಪಾಳೆಯಗಳು ದಲಿತ ಅಭ್ಯರ್ಥಿಯನ್ನು ಹುಡುಕಿದವು ಎಂದೇ ನಮ್ಮ ಓದು. ಆದ್ದರಿಂದ 'ಯಾರ್ ಕೂತ್ರೇನು' ಎನ್ನುವ ಅಣ್ಣನಿಗೆ ನಮ್ಮ ಮಾತು ಇಷ್ಟು. ನಿನ್ನ ಓಟು ಅಲ್ಲಿ ಇಲ್ಲ, ನಿಜ. ನಿನ್ನ ಸಿಟ್ಟು ಮಾತ್ರ ಅಲ್ಲಿ ಎಣಿಕೆಯಾಗುತ್ತದೆ. ಅದನ್ನು ನೀನು ಎಣಿಸುವುದಿಲ್ಲ, ಅವರು ಎಣಿಸುತ್ತಾರೆ.

4

ಕುರ್ಚಿಯಲ್ಲಿ ಬರೀ ಮುದ್ರೆ ಇದೆಯೋ, ಬಾಯಿಯೂ ಇದೆಯೋ? ಇದ್ದದ್ದಕ್ಕೆ ಸಾಕ್ಷಿ ಇದೆ. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶಕ್ಕೆ ರಾಷ್ಟ್ರಪತಿ ಆಳ್ವಿಕೆ ಹೇರಿ ಎಂದು ಸಂಪುಟ ಕಳಿಸಿದ ಕಾಗದವನ್ನು ನಾರಾಯಣನ್ ವಾಪಸು ಕಳಿಸಿದರು. 1998ರಲ್ಲಿ ಬಿಹಾರದ ವಿಚಾರದಲ್ಲೂ ಹಾಗೇ ಮಾಡಿದರು. ಸ್ವತಃ ಮುರ್ಮು ಅವರು ಜಾರ್ಖಂಡಿನ ರಾಜ್ಯಪಾಲರಾಗಿದ್ದಾಗ, 2017ರಲ್ಲಿ, ಆದಿವಾಸಿ ಭೂಮಿಯನ್ನು ಕಾಯುವ ಛೋಟಾನಾಗಪುರ ಮತ್ತು ಸಂತಾಲ ಪರಗಣ ಗೇಣಿ ಕಾಯ್ದೆಗಳಿಗೆ ತಂದ ತಿದ್ದುಪಡಿಗಳನ್ನು ಸರ್ಕಾರಕ್ಕೆ ಹಿಂತಿರುಗಿಸಿದರು. ಅಲ್ಲಿ ಬೀದಿಯಲ್ಲಿ ಆದಿವಾಸಿಗಳಿದ್ದರು, ರಾಜಭವನದಲ್ಲಿ ಆದಿವಾಸಿ ಮಗಳಿದ್ದರು. ಎರಡೂ ಕೂಡಿದಾಗ ಕಾಗದ ಹಿಂದಕ್ಕೆ ಹೋಯಿತು. ಆದ್ದರಿಂದ ಕುರ್ಚಿ ಬರೀ ಬೊಂಬೆಯದು ಎಂದು ಕೈ ಝಾಡಿಸುವುದೂ ಸೋಮಾರಿತನ.

ಕರ್ನಾಟಕದ ಕೇರಿಗಳಿಗೆ ಇನ್ನೊಂದು ನೆನಪೂ ಇದೆ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಎಂಥ ಗಲಭೆಯಾಯಿತು, ಹೇಗೆ ಅವರು ಮಂತ್ರಿಗಿರಿ ಬಿಡಬೇಕಾಯಿತು ಎಂಬುದನ್ನು ನಾವು ಮರೆತಿಲ್ಲ. ಕುರ್ಚಿಯಲ್ಲಿ ಕೂತ ದಲಿತ ಸಭ್ಯವಾಗಿ ನಗುವ ತನಕ ಅವನು ದೇಶದ ಹೆಮ್ಮೆ. ಬಾಯಿ ಬಿಟ್ಟ ಗಳಿಗೆ ಅವನ ಜಾತಿ ಹೊರಬೀಳುತ್ತದೆ. 2023ರ ಮೇ 28ರಂದು ಹೊಸ ಸಂಸತ್ ಭವನವನ್ನು ಪ್ರಧಾನಿಯೇ ಉದ್ಘಾಟಿಸಿದರು. ಸಂವಿಧಾನದ ಪ್ರಕಾರ ಸಂಸತ್ತು ಅಂದರೆ ರಾಷ್ಟ್ರಪತಿ ಮತ್ತು ಎರಡು ಸದನ. ಆ ರಾಷ್ಟ್ರಪತಿ ಅಂದು ಆ ಮನೆಯಲ್ಲಿ ಇರಲಿಲ್ಲ. ಅಂದು ದೊಡ್ಡ ಗದ್ದಲ ಮಾಡಿ ಹೊರಗುಳಿದ ಪಕ್ಷಗಳಲ್ಲಿ ಬಹಳಷ್ಟು ಹಿಂದಿನ ವರ್ಷ ಅವರ ವಿರುದ್ಧ ಮತ ಕೇಳಿದ್ದವು ಎಂಬುದನ್ನೂ ಜೊತೆಗೇ ಬರೆದಿಡಬೇಕು.

5

ನಮ್ಮ ಸೀಮೆಯ ಜನಕ್ಕೆ ರಾಷ್ಟ್ರಪತಿಯ ಸಹಿ ಇನ್ನೊಂದು ದಾರಿಯಲ್ಲಿ ಮನೆಬಾಗಿಲಿಗೆ ಬರುತ್ತದೆ. ಯಾರು ಪರಿಶಿಷ್ಟ ಜಾತಿ, ಯಾರು ಪರಿಶಿಷ್ಟ ಪಂಗಡ ಎಂಬ ಪಟ್ಟಿ ಹೊರಡುವುದು 341 ಮತ್ತು 342ನೇ ವಿಧಿಗಳ ಕೆಳಗೆ, ರಾಷ್ಟ್ರಪತಿಯ ಆಜ್ಞೆಯಾಗಿ. ಆಮೇಲೆ ಅದನ್ನು ತಿದ್ದುವುದು ಸಂಸತ್ತು. 1991ರಲ್ಲಿ ಕರ್ನಾಟಕದ ಪಟ್ಟಿಗೆ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಸೇರಿದವು. ಪಟ್ಟಿ ಉದ್ದವಾಯಿತು, ರಾಜ್ಯದ ಮೀಸಲಾತಿ ಮಾತ್ರ ಶೇಕಡಾ 3ರಲ್ಲೇ ನಿಂತಿತು. ಮುರ್ಮು ಗೆದ್ದ 2022ರ ಜುಲೈಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ವಾಲ್ಮೀಕಿ ಗುರುಪೀಠದ ಸ್ವಾಮೀಜಿ ಇದೇ ಹೆಚ್ಚಳಕ್ಕಾಗಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. ದೆಹಲಿಯಲ್ಲಿ ಪಂಗಡದ ಹೆಸರಿಗೆ ಹಾರ, ಬೆಂಗಳೂರಿನಲ್ಲಿ ಪಂಗಡದ ಹಕ್ಕಿಗೆ ಧರಣಿ. ಶೇಕಡಾ 7ರ ಸುಗ್ರೀವಾಜ್ಞೆ ಬಂದದ್ದು ಆ ಅಕ್ಟೋಬರಿನಲ್ಲಿ. ಹಾರದಿಂದ ಬರಲಿಲ್ಲ, ಧರಣಿಯಿಂದ ಬಂತು.

ಕಾಡುಗೊಲ್ಲರು ತಮ್ಮನ್ನು ಅದೇ ಪಟ್ಟಿಗೆ ಸೇರಿಸಿ ಎಂದು ವರ್ಷಗಟ್ಟಲೆ ಅರ್ಜಿ ಹಿಡಿದು ತಿರುಗಿದ್ದಾರೆ. ಪಟ್ಟಿಯಲ್ಲಿ ಇದ್ದವರದ್ದೂ ಪೂರ್ತಿ ಸುಖವಲ್ಲ. ಆದಿವಾಸಿ ಪ್ರದೇಶಗಳಿಗೆ ರಾಷ್ಟ್ರಪತಿ, ರಾಜ್ಯಪಾಲರ ಕಾವಲು ಕೊಡುವ ಐದನೇ ಅನುಸೂಚಿಯಲ್ಲಿ ಕರ್ನಾಟಕದ ಒಂದು ಊರೂ ಇಲ್ಲ. ಮಯೂರ್‌ಭಂಜ್ ಆ ಅನುಸೂಚಿಯೊಳಗಿದೆ, ಮೊಳಕಾಲ್ಮೂರು ಹೊರಗಿದೆ.

ಹೊರಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಚಳ್ಳಕೆರೆಯ ಕಾವಲನ್ನು ನೋಡಿ. ಖುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆ ಅಮೃತಮಹಲ್ ಹುಲ್ಲುಗಾವಲನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಮಂದಿರ ಅಂತ ಹಂಚಿದರು. ಸುತ್ತಲಿನ ಊರುಗಳಿಗೆ ಗೋಡೆ ಏಳುವಾಗ ಗೊತ್ತಾಯಿತು. ಕುರಿ ಎಲ್ಲಿ ಮೇಯಬೇಕು, ಉಣ್ಣೆ ಎಲ್ಲಿಂದ ಬರಬೇಕು, ಕಂಬಳಿ ಯಾರು ನೇಯಬೇಕು ಅಂತ ಜನ ರಸ್ತೆಗಿಳಿದರು, ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. 2017ರಲ್ಲಿ ಅಲ್ಲಿ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ಕೇಂದ್ರ ಶುರುವಾಯಿತು. ದೇಶದ ರಕ್ಷಣೆಯ ಹೆಸರಿಗೆ ನಾವು ಎದುರಲ್ಲ. ಆದರೆ ಜಾರ್ಖಂಡಿನಲ್ಲಿ ಆದಿವಾಸಿ ಭೂಮಿಯ ಕಾಗದ ಹಿಂತಿರುಗಿಸಿದವರು ಈಗ ಮೂರೂ ಸೇನೆಗಳ ಮಹಾದಂಡನಾಯಕರು. 'ನಮ್ಮೋರು ಮ್ಯಾಲೆ ಕೂತ್ರು' ಎನ್ನುವ ಕುರಿಗಾಹಿ ಗೋಡೆಯ ಈಚೆ ನಿಂತಿದ್ದಾನೆ. 'ದ್ಯಾವ್ರು ವರ ಕೊಟ್ರೂ ಪೂಜಾರಿ ಕೊಡ್ಬೇಕಲ್ಲಪ್ಪ' ಎಂಬ ಗಾದೆ ಅವನ ಬಾಯಲ್ಲಿ ಬರುವುದು ಸುಮ್ಮನಲ್ಲ.

6

ಗೋಡೆ ಸರ್ಕಾರದ್ದು ಮಾತ್ರವೆ? ನಮ್ಮೊಳಗಿನ ಮುಳ್ಳುಬೇಲಿಯನ್ನು ಬಿಟ್ಟು ಮಾತಾಡಿದರೆ ಈ ಬರಹಕ್ಕೆ ಬೆಲೆಯಿಲ್ಲ.

2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ತಮ್ಮದೇ ಕ್ಷೇತ್ರಕ್ಕೆ ಸೇರಿದ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದರು. ಅವರು ದಲಿತರು ಅಂತ ಹಟ್ಟಿಯ ಒಳಕ್ಕೆ ಬಿಡಲಿಲ್ಲ. ಹೊರಗೇ ಕುರ್ಚಿ ಹಾಕಿದರು. ಅವರು ಹಿಂತಿರುಗಿದರು. ಮೂರು ವರ್ಷದ ಮೇಲೆ ರಾಷ್ಟ್ರಪತಿ ಚುನಾವಣೆಯಲ್ಲಿ ಅದೇ ಸಂಸದರ ಮತಕ್ಕೆ 700 ಬೆಲೆ! ದೆಹಲಿಯಲ್ಲಿ 700, ಹಟ್ಟಿಯ ಬೇಲಿಯಲ್ಲಿ ಸೊನ್ನೆ. ಬೇಲಿ ಹಾಕಿದವರು ಜಮೀನ್ದಾರರೂ ಅಲ್ಲ, ಅಗ್ರಹಾರದವರೂ ಅಲ್ಲ. ಪಟ್ಟಿಗೆ ಸೇರಿಸಿ ಎಂದು ಕೇಳುವ ಬಡವರು. ಮನು ಸತ್ತು ಎಷ್ಟು ಕಾಲವಾದರೂ ಅವನ ಕೆಲಸವನ್ನು ನಮ್ಮವರೇ ಕೂಲಿಯಿಲ್ಲದೆ ಮಾಡುತ್ತಿದ್ದಾರೆ.

ಹಾಗೆಯೇ ಹೆಣ್ಣು. ಮೊದಲ ಪ್ರಜೆ ಹೆಣ್ಣು ಅಂತ ಸಂಭ್ರಮಿಸಿದ ಸೀಮೆಯ ಹಟ್ಟಿಗಳಲ್ಲಿ ಮುಟ್ಟಾದವಳೂ ಬಾಣಂತಿಯೂ ಊರಾಚೆ ಗುಡಿಸಲಲ್ಲಿ ಕೂರುವ ಕಟ್ಟಳೆ ಪೂರ್ತಿ ಅಳಿದಿಲ್ಲ. 2023ರ ಜುಲೈಯಲ್ಲಿ, ಮುರ್ಮು ಪ್ರಮಾಣವಚನ ತೆಗೆದುಕೊಂಡು ವರ್ಷ ತುಂಬುತ್ತಿದ್ದಾಗ, ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಾಚೆಯ ಗುಡಿಸಲಲ್ಲಿ ಮಳೆ ಚಳಿಗೆ ಸಿಕ್ಕ ಹಸುಗೂಸು ಸತ್ತಿತು. ಆ ಮಗುವಿನ ತಾಯಿಗೂ 'ನಮ್ಮೋಳು ಮ್ಯಾಲೆ ಕೂತ್ಲು' ಅಂತ ಹೇಳುವ ಧೈರ್ಯ ನಮಗಿದೆಯೆ?

7

ಉಳಿದದ್ದು ಮೂರನೆಯ ಮಾತು: ಮುಂದ್ಲ ಸಲ ಯಾರು? ಮುರ್ಮು ಅವರ ಅವಧಿ 2022ರ ಜುಲೈ 25ರಿಂದ ಐದು ವರ್ಷ. 2027ಕ್ಕೆ ಇನ್ನೊಂದು ಚುನಾವಣೆಯ ಸರದಿ. ಹೋಟೆಲಿನ ಬೆಂಚಿನ ಮೇಲೆ ಹೆಸರುಗಳು ಹರಿದಾಡುತ್ತವೆ. ಕನ್ನಡದವರು ಯಾಕಾಗಬಾರದು? ಬಿ.ಡಿ. ಜತ್ತಿ 1977ರಲ್ಲಿ ಕೆಲ ತಿಂಗಳು ಹಂಗಾಮಿಯಾಗಿ ಕೂತದ್ದು ಬಿಟ್ಟರೆ ನಮ್ಮವರು ಯಾರು ಆಗಿದ್ದಾರೆ? ಮಾದಿಗರೊಬ್ಬರು ಆಗಲಿ, ಅಲೆಮಾರಿಯೊಬ್ಬರು ಆಗಲಿ. ಆಗಲಿ, ಯಾರು ಬೇಡ ಅಂದರು? ಆದರೆ ಸ್ಪರ್ಧಿಸಲು 50 ಸೂಚಕರು, 50 ಅನುಮೋದಕರು ಬೇಕು, ಅವರೂ ಮತ ಹಾಕುವ ಶಾಸಕ ಸಂಸದರೇ ಆಗಿರಬೇಕು. ಹೆಸರು ಹುಟ್ಟುವುದು ಹೋಟೆಲಿನಲ್ಲಲ್ಲ, ಪಕ್ಷದ ಮನೆಯಲ್ಲಿ.

ಅದಕ್ಕಿಂತ ಹತ್ತಿರದ ಮಾತು ಇನ್ನೊಂದಿದೆ. ಆ 131 ಮತ್ತು 700 ಯಾರ ಜೇಬಿನಲ್ಲಿ ಇರುತ್ತವೆ? 2018ರಲ್ಲಿ ಶ್ರೀರಾಮುಲು ಬಳ್ಳಾರಿಯಿಂದ ಮೊಳಕಾಲ್ಮೂರಿಗೆ ಬಂದರು, 2023ಕ್ಕೆ ಬಳ್ಳಾರಿಗೆ ಹೋದರು. ಎನ್.ವೈ. ಗೋಪಾಲಕೃಷ್ಣ 2018ರಲ್ಲಿ ಕೂಡ್ಲಿಗಿಯಲ್ಲಿ ಬಿಜೆಪಿಯಿಂದ ಗೆದ್ದು 2023ರಲ್ಲಿ ಕಾಂಗ್ರೆಸ್ಸಿನಿಂದ ಮೊಳಕಾಲ್ಮೂರಿಗೆ ಮರಳಿದರು. ಲೋಕಸಭೆಗೆ 2019ರಲ್ಲಿ ಆನೇಕಲ್ಲಿನವರು, 2024ರಲ್ಲಿ ಮುಧೋಳದ ಗೋವಿಂದ ಕಾರಜೋಳ. ಮೀಸಲು ಕ್ಷೇತ್ರ ಅಂದರೆ ಪಕ್ಷಗಳಿಗೆ ಖಾಲಿ ಬಿದ್ದ ಛತ್ರ, ಜಾಗ ಸಿಗದವರನ್ನು ತಂದು ಇಳಿಸುವುದಕ್ಕೆ. ಇವರು ಕೆಟ್ಟವರು ಎನ್ನುವುದು ನಮ್ಮ ವಾದವಲ್ಲ. ಆರಿಸಿದ ಜನರಿಗಿಂತ ಕಳಿಸಿದ ಪಕ್ಷಕ್ಕೆ ಇವರು ಹೆಚ್ಚು ಉತ್ತರ ಕೊಡುತ್ತಾರೆ ಎಂಬುದು ನಮ್ಮ ವಾದ.

ನಾಯಕನಹಟ್ಟಿ ತಿಪ್ಪೇಸ್ವಾಮಿಯ ಹೆಸರಿನಲ್ಲಿ ಈ ಸೀಮೆಯೆಲ್ಲ ಒಂದು ಮಾತು ಹೇಳುತ್ತದೆ, ಮಾಡಿದಷ್ಟು ನೀಡು ಅಂತ. ಓಟಿಗೆ ಬಂದವರ ಮುಂದೆ ಆ ಅಳತೆಗೋಲನ್ನೇ ಇಡೋಣ. ಮುಂದೆ ಶಾಸಕರಾಗಲು ಬರುವವರನ್ನು ಊರೂರಲ್ಲಿ ಮೂರು ಪ್ರಶ್ನೆ ಕೇಳೋಣ. ರಾಷ್ಟ್ರಪತಿ ಚುನಾವಣೆಯಲ್ಲಿ ವಿಪ್ ಹೊರಡಿಸುವಂತಿಲ್ಲ, ನಿಮ್ಮ ಕೈ ಕಟ್ಟಿಲ್ಲ, ನಮ್ಮ ಹೆಸರಿನ 131ನ್ನು ಹಾಕುವ ಮೊದಲು ನಮ್ಮನ್ನು ಕೇಳುತ್ತೀರಾ? ಕಾವಲಿನ ಗೋಡೆಯ ವಿಚಾರದಲ್ಲಿ ನೀವು ಯಾವ ಕಡೆ? ಹಟ್ಟಿಗೆ ಬಾರದಂತೆ ಒಬ್ಬ ಮಾದಿಗನನ್ನು ತಡೆದರೆ, ಒಬ್ಬ ಬಾಣಂತಿಯನ್ನು ಹೊರಗೆ ಕೂರಿಸಿದರೆ, ಓಟು ಹೋದರೂ ಸರಿ ಅಂತ ಅಲ್ಲೇ ನಿಂತು ಮಾತಾಡುತ್ತೀರಾ? ಈ ಮೂರಕ್ಕೆ ಉತ್ತರ ಕೊಡಲಾರದವನು ಯಾವ ರಾಷ್ಟ್ರಪತಿಯನ್ನು ಆರಿಸಿದರೂ ಅದು ನಮ್ಮ ಆಯ್ಕೆಯಾಗದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಗಲ್ಲು ಇದೆ. ರಾಷ್ಟ್ರಪತಿಯ ಕಾಗದದ ಮೇಲಿರುವ ಸಿಂಹಗಳೂ ಅದೇ ಅಶೋಕನವು. ಒಳಿತು ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಸಣ್ಣವರಿಗೂ ಸಾಧ್ಯ ಎಂಬ ಅರ್ಥದ ಮಾತು ಆ ಕಲ್ಲಿನಲ್ಲಿದೆ. ಸುವರ್ಣಗಿರಿಯ ರಾಜಕುಮಾರ ಕಳಿಸಿದ, ಇಸಿಲದ ಅಧಿಕಾರಿಗಳು ಸ್ವೀಕರಿಸಿದರು, ಚಪಡ ಎಂಬ ಲಿಪಿಕಾರ ಬರೆದು ತನ್ನ ಹೆಸರು ಹಾಕಿಕೊಂಡ. ಆಜ್ಞೆ ಮೇಲಿಂದ ಕೆಳಕ್ಕೆ ಇಳಿದ ದಾರಿ ಪೂರ್ತಿ ಕೆತ್ತಿದೆ. ಅದನ್ನು ಕೇಳಿಸಿಕೊಂಡ ಸಣ್ಣವರು ಏನಂದರು ಎಂಬುದು ಮಾತ್ರ ಕೆತ್ತಿಲ್ಲ. ಆ ಖಾಲಿ ಜಾಗ ಎರಡು ಸಾವಿರ ವರ್ಷಕ್ಕೂ ಹಳೆಯದು. ಮೇಲೆ ಯಾರು ಕೂತರು ಅಂತ ನೋಡುವುದರ ಜೊತೆಗೆ, ಕೆಳಗಿನವರ ಉತ್ತರವನ್ನು ಕೆತ್ತುವ ಕೆಲಸ ಉಳಿದಿದೆ. ಅದನ್ನು ಯಾವ ಕುರ್ಚಿಯೂ ನಮ್ಮ ಪರವಾಗಿ ಮಾಡುವುದಿಲ್ಲ.